ಗೂಟದಲ್ಲಿದ್ದ ಛತ್ರಿ

ಕಾಡುಹಂದಿ ಕಾಟ ಅನುಭವಿಸಿದವರಿಗೇ ಗೊತ್ತು. ಸಂಜೆ ನೋಡಿದ್ರೆ ಗೆಣಸಿನ ಬಳ್ಳಿ ಹಚ್ಚಗೆ ಹರಡಿಕೊಂಡಿರುತ್ತೆ. ಬೆಳಿಗ್ಗೆ ಹೋದ್ರೆ ನೇಗಿಲು ಹೊಡೆದ ಹಾಗೆ ಮಣ್ಣೆಲ್ಲ ಮೇಲೆ, ಬಳ್ಳಿಯೆಲ್ಲ ಬುಡಮೇಲು. ಹಂದಿ ತಿನ್ನೋದು ಕಾಲು ಭಾಗ, ಹಾಳು ಮಾಡೋದು ಮುಕ್ಕಾಲು ಭಾಗ.

ಮಂಡಕಳ್ಳಿ ಏರ್‌ಪೋರ್ಟ್ ಪಕ್ಕ ನಮ್ಮ ದೊಡ್ಡಮಾವ ಹುಚ್ಚಣ್ಣನವರ ಹೊಲ ಇದೆ. ನಮ್ಮಮ್ಮನ ದೊಡ್ಡಣ್ಣ ಅವರು. ಹೆಸರಿಗೆ ಹುಚ್ಚಣ್ಣ, ಊರಲ್ಲಿ ಅವರಷ್ಟು ತಾಳ್ಮೆಯವರು ಇನ್ನೊಬ್ಬರಿಲ್ಲ. ಎತ್ತಿಗೂ ಏಟು ಹಾಕದ ಮನುಷ್ಯ. ಹೊಲ ಕಾಯೋಕೆ ಅಂತ ಅವರ ಹತ್ರ ಲೈಸೆನ್ಸ್ ಇರೋ ಒಂಟಿ ನಳಿಗೆ ಬಂದೂಕಿತ್ತು, ಅವರಪ್ಪನ ಕಾಲದ್ದು. ನಡುಮನೆ ಬಾಗಿಲ ಪಕ್ಕದ ಗೂಟ ಅದರ ಜಾಗ. ಆಯುಧಪೂಜೆಗೆ ಅದಕ್ಕೂ ಕುಂಕುಮ, ಅದಕ್ಕೂ ಸೇವಂತಿಗೆ. ಹೊತ್ತು ಮುಳುಗೋ ಮುಂಚೆ ತೋಟಾ ತುಂಬಿ ಗೂಟಕ್ಕೆ ನೇತು ಹಾಕೋದು ಮಾವನ ಅಭ್ಯಾಸ. ಹಂದಿ ಬಂದ್ರೆ ಎದ್ದು ಕೈ ಹಾಕಿದ ಕೂಡಲೇ ಸಿಗಬೇಕು.

ಎಲೆಕ್ಷನ್ ಬಂತು. ಲೈಸೆನ್ಸ್ ಇರೋ ಬಂದೂಕನ್ನೆಲ್ಲ ಸ್ಟೇಷನ್ನಿಗೆ ಒಪ್ಪಿಸಿ, ಮುಗಿದ ಮೇಲೆ ವಾಪಸ್ ಕೊಡ್ತೀವಿ ಅಂತ ಆರ್ಡರ್ ಬಂತು. ಮಾವ ಒಪ್ಪಿಸಿ ಬಂದ್ರು. ಬಂದ ಘಳಿಗೆಯಿಂದ ಬಯ್ಗುಳ ಶುರು.

"ಎಲೆಕ್ಷನ್ ಅಂತೆ, ನೀತಿ ಸಂಹಿತೆ ಅಂತೆ. ಹಂದಿಗಳಿಗೆ ಯಾರಾದ್ರೂ ಹೇಳಿದ್ದಾರಾ ನೀತಿ ಸಂಹಿತೆ?"

ಮಾವನ ಹೆಂಡ್ತಿ ಲಕ್ಷ್ಮಮ್ಮತ್ತೆ ತಮ್ಮ ಹೊಸ ಛತ್ರಿ ತಂದು ಆ ಗೂಟಕ್ಕೆ ನೇತು ಹಾಕಿದ್ರು. ಉದ್ದನೆ ಛತ್ರಿ, ಹಿಡಿಯಲ್ಲಿ ಬಟನ್ನು, ಮೈತುಂಬ ಹಳದಿ ಹೂವು.

"ಖಾಲಿ ಗೂಟ ನೋಡೋಕಾಗಲ್ಲ ಕಣ್ರೀ. ಮನೇಲಿ ಯಾರೋ ಎದ್ದು ಹೋದಂಗೆ ಕಾಣುತ್ತೆ," ಅಂದ್ರು.

ನಾನು ಹೆಬ್ಬಾಳದ ಒಂದು ವರ್ಕ್‌ಶಾಪಲ್ಲಿ ಲೇತ್ ಮೆಷಿನ್ ಮೇಲೆ ಕಬ್ಬಿಣ ಕಡೆಯೋ ಕೆಲಸ ಮಾಡೋದು. ಭಾನುವಾರ ಮಾವನ ಮನೆಗೆ ಊಟಕ್ಕೆ ಹೋಗಿದ್ದೆ. ಮಾವನ ಒಬ್ಬಳೇ ಮಗಳು ಸಿಂಚನ ಪೊಲೀಸ್ ಕಾನ್‌ಸ್ಟೆಬಲ್. ಅವತ್ತು ಅವಳಿಗೆ ವಾರದ ರಜೆ. ಮುದ್ದೆ ಮುರಿಯೋಕೆ ಕೈ ಹಾಕಿದ್ದೆ ಅಷ್ಟೇ, ಮಾವ ನನ್ನ ಪಕ್ಕಕ್ಕೆ ಸರಿದು ಕೂತ್ರು.

"ಮೋಹನ, ಲೇತ್ ಮೇಲೆ ಏನ್ ಬೇಕಾದ್ರೂ ಮಾಡ್ತೀಯಂತಲ್ಲ?"

"ಡ್ರಾಯಿಂಗ್ ಕೊಟ್ರೆ ಮಾಡ್ತೀನಿ ಮಾವ."

"ಡ್ರಾಯಿಂಗ್ ಯಾಕೋ? ನನಗೊಂದು ನಾಡಬಂದೂಕು ಮಾಡ್ಕೊಡು. ಎಲೆಕ್ಷನ್ ಮುಗಿಯೋವರೆಗೆ ಸಾಕು. ಆಮೇಲೆ ಹಾಳು ಬಾವಿಗೆ ಎಸೆದುಬುಡ್ತೀನಿ."

ಸಿಂಚನ ಸಾರಿನ ಸೌಟು ಹಿಡ್ಕೊಂಡು ನಿಂತಿದ್ಲು. "ಅಪ್ಪ, ಪೊಲೀಸ್ ಎದುರಿಗೇ ಕೂತು ಪ್ಲಾನ್ ಹಾಕ್ತಿದ್ದೀಯಲ್ಲ, ನಿನ್ನ ಧೈರ್ಯ ಮೆಚ್ಚಬೇಕು."

"ಮನೇಲಿ ನೀನು ಪೊಲೀಸ್ ಅಲ್ಲ, ಮಗಳು. ಸಾರು ಬಡಿಸು."

"ಬಡಿಸ್ತೀನಿ. ಬಡಿಸ್ತಾ ಒಂದು ಮಾತು ಹೇಳ್ತೀನಿ, ಕೇಳ್ಕೊ. ಲೈಸೆನ್ಸ್ ಇಲ್ಲದೆ ಬಂದೂಕು ತಯಾರು ಮಾಡಿದ್ರೆ ಏಳು ವರ್ಷಕ್ಕೆ ಕಮ್ಮಿ ಇಲ್ಲ ಜೈಲು, ಜೀವಾವಧಿವರೆಗೂ ಹೋಗಬಹುದು. ಇಟ್ಕೊಂಡೋರಿಗೂ ಜೈಲು. ಬಾವನ್ನ ಅಲ್ಲಿಗೆ ಕಳಿಸಿ ನೀನು ಇಲ್ಲಿ ಗೆಣಸು ತಿಂತೀಯಾ?"

"ಯಾರಿಗೆ ಗೊತ್ತಾಗುತ್ತೆ?"

"ಅದು ಸಿಡಿದಾಗ ಗೊತ್ತಾಗುತ್ತೆ. ಇಂಥ ಬಂದೂಕು ಮುಂದಕ್ಕೆ ಹೊಡೆಯುತ್ತೋ, ಹಿಡಿದೋರ ಮುಖಕ್ಕೇ ಒಡೆಯುತ್ತೋ, ಮಾಡಿದೋರಿಗೂ ಗ್ಯಾರಂಟಿ ಇಲ್ಲ. ಕೇಳು ಬಾವನ್ನ."

ಅದು ನಿಜ. ಕಬ್ಬಿಣದ ಜೊತೆ ದಿನಾ ಗುದ್ದಾಡೋನು ನಾನು. ಕಬ್ಬಿಣ ಯಾವಾಗ ಕೈ ಕೊಡುತ್ತೆ ಅಂತ ಹೇಳೋಕಾಗಲ್ಲ. ಆದ್ರೆ ಮಾವನಿಗೆ ರೇಗಿತು.

"ಹಂಗಾದ್ರೆ ನಾನೇನ್ ಮಾಡ್ಲಿ? ಸರ್ಕಾರಕ್ಕೆ ನನ್ನ ಬಂದೂಕು ಬೇಕು, ನನ್ನ ಗೆಣಸು ಬೇಡ. ಏನ್ ಮಾಡಿದೆ ಅಮ್ಮಾ ಈ ಸರ್ಕಾರ ನಮಗೆ?"

ನನ್ನ ಮನಸ್ಸಲ್ಲಿದ್ದ ಮಾತನ್ನೇ ಮಾವ ಆಡಿದ್ರು. ನಾನೂ ಶುರು ಹಚ್ಕೊಂಡೆ. ಹೆಬ್ಬಾಳದ ಬಸ್ಸಲ್ಲಿ ಶಿಫ್ಟಿಗೆ ಹೋಗೋರು ಬಾಗಿಲಿಗೆ ಬಾವಲಿ ತರ ನೇತಾಡ್ತಾರೆ. ನಮ್ಮ ಬೀದಿ ಗುಂಡೀಲಿ ಮಳೆ ಬಂದ್ರೆ ಎಮ್ಮೆ ಮಲಗಬಹುದು. ಕೊಡೋಕೆ ಏನೂ ಇಲ್ಲದೋರು ಕಿತ್ಕೊಳ್ಳೋಕೆ ಮಾತ್ರ ಮನೆ ಬಾಗಿಲಿಗೆ ಬರ್ತಾರೆ ಅಂತ ಕೂಗಾಡಿದೆ.

ಸಿಂಚನ ನಗ್ತಾ ಇನ್ನೊಂದು ಸೌಟು ಸಾರು ಸುರಿದ್ಲು. "ಬಯ್ಯಿ ಬಾವ. ಬಸ್ಸಿಗೆ ಬಯ್ಯಿ, ಗುಂಡಿಗೆ ಬಯ್ಯಿ. ಅರ್ಜಿ ಹಾಕು, ಆಫೀಸ್ ಮುಂದೆ ಕೂತ್ಕೊ, ಓಟಲ್ಲಿ ತೋರಿಸು. ನಾನೇನು ಬೇಡ ಅಂದ್ನಾ? ಆದ್ರೆ ಮನೆಮನೆಯೋರೂ ನಾನೇ ಪೊಲೀಸು, ನಾನೇ ಕೋರ್ಟು ಅಂತ ಬಂದೂಕು ಮಾಡ್ಕೊಂಡ್ರೆ, ಗಂಡಸರು ಜಾಸ್ತಿ ಇರೋ ಮನೆಯದ್ದೇ ನ್ಯಾಯ ಆಗುತ್ತೆ. ನಮ್ಮನೇಲಿ ಇರೋದು ಅಪ್ಪ, ಅಮ್ಮ, ನಾನು."

ಅಷ್ಟರಲ್ಲಿ ತಲೆ ಮೇಲೆ ವಿಮಾನ ಬಂತು. ಏರ್‌ಪೋರ್ಟ್ ಪಕ್ಕದ ಜನಕ್ಕೆ ಇದೊಂದು ರೂಢಿ. ವಿಮಾನ ಹಾಯುವಾಗ ಬಾಯಿ ಮುಚ್ಚೋದು, ಹೋದ ಮೇಲೆ ಬಿಟ್ಟ ಮಾತಿಂದಾನೇ ಹಿಡಿಯೋದು. ಜಗಳ ಆಡುವಾಗಲೂ ಹಂಗೇ. ವಿಮಾನ ಹೋಯ್ತು. ಮಾವ ಮೆಲ್ಲಗೆ ಕೇಳಿದ್ರು.

"ಆ ಕಾನೂನೆಲ್ಲ ರೌಡಿಗಳಿಗೆ ಇರ್ಲಿ ಕಣಮ್ಮ. ನಾನು ಯಾವತ್ತಾದ್ರೂ ಯಾರ ಮೇಲಾದ್ರೂ ಕೈ ಎತ್ತಿದ್ದೀನಾ? ಒಳ್ಳೇರಿಗೆ ಯಾಕಮ್ಮ ಕಾನೂನು?"

ಸಿಂಚನ ಸೌಟು ಕೆಳಗಿಟ್ಟು ನನ್ನ ಕಡೆ ನೋಡಿದ್ಲು. ಮಾವ ಒಳ್ಳೇವರು ಅನ್ನೋದು ನಿಜ ತಾನೇ? ಆದ್ರೂ ಹೇಳಿಬಿಟ್ಟೆ.

"ನನ್ನ ಕೈಲಿ ಆಗಲ್ಲ ಮಾವ. ನನಗೆ ಅನ್ನ ಹಾಕೋ ಮೆಷಿನ್ನು ಅದು. ಅದರ ಮೇಲೆ ಇಂಥದ್ದು ಮಾಡಲ್ಲ."

"ಹೆದರ್‌ಪುಕ್ಲ! ನಟ್ಟು ಬೋಲ್ಟು ತಿರುಗಿಸ್ಕೊಂಡು ಬಿದ್ದಿರು ಹೋಗು," ಅಂದು ತಟ್ಟೇಲೇ ಕೈ ತೊಳೆದು ಎದ್ದು ಹೋದ್ರು. ಆಮೇಲೆ ನನ್ನ ಫೋನು ಎತ್ತೋದೇ ಬಿಟ್ರು.

ಮಾವನ್ನ ಸಮಾಧಾನ ಮಾಡೋಣ ಅಂತ ಮುಂದಿನ ಭಾನುವಾರ ಸಂಜೆ ಮತ್ತೆ ಹೋದೆ. ಸಿಂಚನ ಎಲೆಕ್ಷನ್ ಡ್ಯೂಟಿ ಮೇಲಿದ್ಲು. ಹೊತ್ತು ಮುಳುಗ್ತಿತ್ತು. ಅಂಗಳದಲ್ಲಿ ಮಾವನಿಗೂ ಅವರ ತಮ್ಮ ಪುಟ್ಟಸ್ವಾಮಿಗೂ ಮಾತಿಗೆ ಮಾತು ಬೆಳೆದಿತ್ತು. ಪುಟ್ಟಸ್ವಾಮಿ ನನಗೆ ಚಿಕ್ಕಮಾವ. ಅಣ್ಣ ತಮ್ಮಂದಿರ ಹೊಲದ ಮಧ್ಯೆ ಇರೋದು ಒಂದು ಬದು. ಪೈಪ್ ಎಳೆಯೋಕೆ ಅಂತ ಚಿಕ್ಕಮಾವ ಅದನ್ನ ಕಡಿದಿದ್ರು. ಆ ಸಂದೀಲೇ ಹಂದಿ ನುಗ್ಗಿ ಉಳಿದಿದ್ದ ಗೆಣಸನ್ನೂ ಬುಡಮೇಲು ಮಾಡಿತ್ತು.

"ಬದು ಯಾಕೋ ಕಡಿದೆ?"

"ಬದು ನಿಮ್ಮಪ್ಪಂದಾ?"

"ಹೌದು ಕಣೋ, ನಮ್ಮಪ್ಪಂದೇ. ನಿಂಗೂ ಅವನೇ ಅಪ್ಪ, ಮರೆತುಬುಟ್ಟೆಯಾ?"

ಅತ್ತೆ ಒಳಗಿಂದಾನೇ ನಕ್ರು. ನನಗೂ ನಗು ಬಂತು. ಇಲ್ಲಿಗೆ ಮುಗೀತು ಅಂದ್ಕೊಂಡೆ. ಆಗ ವಿಮಾನ ಬಂತು. ಆದ್ರೆ ಅವತ್ತು ಇಬ್ಬರೂ ಬಾಯಿ ಮುಚ್ಚಲಿಲ್ಲ. ಆ ಸದ್ದಿನ ಮೇಲೇ ಕಿರುಚಾಡಿದ್ರು. ನನಗೆ ಹೆದರಿಕೆ ಆಯ್ತು. ವಿಮಾನದ ಸದ್ದು ಅಡಗಿತು, ಚಿಕ್ಕಮಾವನ ಕೊನೇ ಮಾತು ಊರಿಗೆಲ್ಲ ಕೇಳೋ ಹಾಗೆ ಉಳೀತು.

"ಗಂಡು ಮಗ ಇಲ್ದೋನು ನೀನು. ಯಾರಿಗೋಸ್ಕರ ಕಾಯ್ತೀಯಾ ಆ ಬದುನ?"

ಮಾವ ತಿರುಗಿ ಒಳಗೆ ಹೋದ್ರು. ಅದೇ ಕಾಲಲ್ಲಿ ಹೊರಗೆ ಬಂದ್ರು. ಹಿಡಿಯನ್ನ ಹೆಗಲಿಗೆ ಒತ್ತಿ, ಒಂದು ಕಣ್ಣು ಮುಚ್ಚಿ, ತಮ್ಮನ ಎದೆಗೆ ಗುರಿ ಇಟ್ಟಿದ್ರು. ಕೈಲಿದ್ದದ್ದು ಅತ್ತೆಯ ಛತ್ರಿ. ಮಾವನಿಗೆ ಅದು ಗೊತ್ತೇ ಇರ್ಲಿಲ್ಲ. ಕೈ ಅಭ್ಯಾಸದ ಮೇಲೆ ಗೂಟಕ್ಕೆ ಹೋಗಿತ್ತು, ಅಲ್ಲಿದ್ದದ್ದನ್ನ ಎತ್ಕೊಂಡು ಬಂದಿತ್ತು. ಚಿಕ್ಕಮಾವನಿಗೂ ಆ ಮಬ್ಬಲ್ಲಿ ಗೊತ್ತಾಗಲಿಲ್ಲ. ಅವರು ಹೆದರಿ ಕಣ್ಣು ಗಟ್ಟಿಯಾಗಿ ಮುಚ್ಕೊಂಡ್ರು.

ಮಾವ ಬೆರಳು ಒತ್ತಿದ್ರು.

ಫಟ್ ಅಂತ ಛತ್ರಿ ಬಿಚ್ಕೊಳ್ತು. ಅಣ್ಣ ತಮ್ಮಂದಿರ ಮಧ್ಯೆ ಹಳದಿ ಹೂವು ಅರಳಿ ನಿಂತಂಗೆ.

ಅತ್ತೆಗೆ ನಗು ಬಂತು. ಬಂದ ನಗು ಹಂಗೇ ಅಳುವಾಯ್ತು. ಮಾವ ಛತ್ರಿ ನೋಡಲಿಲ್ಲ, ತಮ್ಮದೇ ಬೆರಳು ನೋಡ್ಕೊಂಡ್ರು. ಜಗಲಿ ಮೇಲೆ ಕೂತ್ರು.

"ಒತ್ತಿಬುಟ್ಟೆ ಕಣೋ ಪುಟ್ಟ. ಸುಮ್ನೆ ಹೆದರಿಸೋಕಲ್ಲ. ನಿಜವಾಗ್ಲೂ ಒತ್ತಿಬುಟ್ಟೆ."

ಚಿಕ್ಕಮಾವ ಛತ್ರಿ ಮಡಚಿದ್ರು. ಅಣ್ಣನ ಪಕ್ಕ ಕೂತ್ರು. "ಆಡಬಾರದ ಮಾತು ಆಡಿದೆ ಅಣ್ಣ. ಸಿಂಚನ ನನಗೂ ಮಗಳೇ," ಅಂದ್ರು. ಅಷ್ಟೇ.

ಮಾರನೇ ದಿನ ಸಿಂಚನಳಿಗೆ ಮಾವನೇ ಫೋನ್ ಮಾಡಿ ಹೇಳಿದ್ರಂತೆ. "ಒಳ್ಳೇರಿಗೆ ಯಾಕೆ ಕಾನೂನು ಅಂತ ಕೇಳಿದ್ನಲ್ಲಮ್ಮ. ನಂಗೇ ಉತ್ತರ ಸಿಕ್ತು. ಒಳ್ಳೇನಿಗೂ ಒಂದು ಕೆಟ್ಟ ಘಳಿಗೆ ಇರುತ್ತೆ. ಆ ಘಳಿಗೇಲಿ ಗೂಟದಲ್ಲಿ ಏನಿರುತ್ತೆ ಅನ್ನೋದೇ ಮುಖ್ಯ."

ಆ ವಾರಾನೇ ನಮ್ಮ ವರ್ಕ್‌ಶಾಪ್ ಗೇಟ್ ಹತ್ರ ಮಾವ ನಿಂತಿದ್ರು. ಕಂಕುಳಲ್ಲಿ ಒಂದು ಚೀಲ. ಹಂದಿ ಬಿಟ್ಟ ಗೆಣಸನ್ನ ಆಯ್ದು ತಂದಿದ್ರು. ನನ್ನ ಗ್ರೀಸ್ ಕೈನ ಹಿಡ್ಕೊಂಡು ಕಣ್ಣಿಗೆ ಒತ್ಕೊಂಡ್ರು. "ಬಿಡಿ ಮಾವ, ಮಸಿ ಆಗುತ್ತೆ" ಅಂದ್ರೂ ಬಿಡಲಿಲ್ಲ.

"ಈ ಕೈ ಆಗಲ್ಲ ಅಂದಿದ್ದಕ್ಕೆ ನನ್ನ ತಮ್ಮ ಬದುಕಿದಾನೆ ಕಣೋ. ನಾನು ಮನುಷ್ಯನಾಗಿ ಉಳಿದೆ."

ನನ್ನ ಜೀವನದಲ್ಲಿ ಇಷ್ಟು ಸಿಹಿ ಗೆಣಸು ತಿಂದಿಲ್ಲ.

ಈಗ ಅಣ್ಣ ತಮ್ಮ ಸೇರಿ ಬದು ಕಟ್ಟಿದ್ದಾರೆ. ಹಾಳಾದ ಬೆಳೆಯ ಫೋಟೋ ತೆಗೆದು ಪರಿಹಾರಕ್ಕೆ ಅರಣ್ಯ ಇಲಾಖೆಗೆ ಅರ್ಜಿ ಕೊಟ್ಟಿದ್ದಾರೆ. ಇಬ್ಬರ ಹೊಲಕ್ಕೂ ಸೇರಿಸಿ ಸೋಲಾರ್ ಬೇಲಿಗೆ ಓಡಾಡ್ತಿದ್ದಾರೆ. ಎಲೆಕ್ಷನ್ ಮುಗಿದು ಬಂದೂಕು ತಗೊಂಡು ಹೋಗಿ ಅಂತ ಸ್ಟೇಷನ್ನಿಂದ ಹೇಳಿ ಕಳಿಸಿದ್ರು. ಮಾವ ಹೋದ್ರು. ಬಂದೂಕು ತರಲಿಲ್ಲ. ನನಗಿನ್ನು ಬೇಡ, ಲೈಸೆನ್ಸ್ ರದ್ದು ಮಾಡಿ ಅಂತ ಬರೆದು ಕೊಟ್ಟು ಬಂದ್ರು. ಗೂಟದಲ್ಲಿ ಈಗಲೂ ಛತ್ರಿ ಇದೆ. ಈ ಸಲ ಆಯುಧಪೂಜೆಗೆ ಅತ್ತೆ ಅದಕ್ಕೇ ಕುಂಕುಮ ಇಟ್ರು. ಯಾರೂ ನಗಲಿಲ್ಲ.

ಅಣ್ಣಂದಿರೇ, ಅಕ್ಕಂದಿರೇ, ನನ್ನ ಸಿಟ್ಟು ಇನ್ನೂ ಹೋಗಿಲ್ಲ. ನಮ್ಮ ಬೀದಿ ಗುಂಡಿ ಹಂಗೇ ಇದೆ. ಪರಿಹಾರದ ದುಡ್ಡು ಇನ್ನೂ ಬಂದಿಲ್ಲ. ಅದಕ್ಕೆಲ್ಲ ಬಯ್ತೀನಿ, ನೀವೂ ಬಯ್ಯಿರಿ, ಬಿಡಬೇಡಿ. ಆದ್ರೆ ಅವತ್ತು ಸಂಜೆ ಆ ಗೂಟದಲ್ಲಿ ಬಂದೂಕು ಇಲ್ಲದ ಹಾಗೆ ಮಾಡಿದ್ದು ಯಾವ ಕಾನೂನೋ, ಅದಕ್ಕೆ ಕೈ ಮುಗೀತೀನಿ. ಅದನ್ನ ಮೊದಲು ಬಯ್ದಿದ್ದು ನಮ್ಮ ಮನೆಯವರೇ. ಅದು ಉಳಿಸಿದ್ದೂ ನಮ್ಮ ಮನೆಯವರನ್ನೇ.

ನಾಡಬಂದೂಕು ಮಾಡಬೇಡಿ, ಮಾಡಿಸಬೇಡಿ. ಲೇತು, ವೆಲ್ಡಿಂಗ್ ಕೆಲಸದ ನನ್ನ ಗೆಳೆಯರೇ, ಬಂದೂಕು ಮಾಡ್ಕೊಡಿ ಅಂತ ಯಾರಾದ್ರೂ ಪೈಪು ಹಿಡ್ಕೊಂಡು ಬಂದ್ರೆ "ಆಗಲ್ಲ" ಅನ್ನಿ. ಹೆದರ್‌ಪುಕ್ಲ ಅಂದ್ರೆ ಅನ್ನಿಸ್ಕೊಳ್ಳಿ. ಮನೇಲಿ ಲೈಸೆನ್ಸ್ ಇಲ್ಲದ್ದು ಇದ್ರೆ ಬಚ್ಚಿಡಬೇಡಿ, ವಕೀಲರನ್ನೋ ಊರ ಹಿರಿಯರನ್ನೋ ಕೇಳಿ ಸ್ಟೇಷನ್ನಿಗೆ ಒಪ್ಪಿಸಿ. ಲೈಸೆನ್ಸ್ ಇದ್ರೂ ತೋಟಾ ತುಂಬಿ ನೇತು ಹಾಕಬೇಡಿ, ಬೀಗ ಹಾಕಿಡಿ. ಜಗಳ ಕೈ ಮೀರಿದ್ರೆ 112ಕ್ಕೆ ಫೋನ್ ಮಾಡಿ.

ಇವತ್ತು ಮನೆಗೆ ಹೋದ ಮೇಲೆ ನಿಮ್ಮ ಗೂಟದಲ್ಲಿ ಏನಿದೆ ಅಂತ ಒಂದು ಸಲ ನೋಡಿ. ಅಲ್ಲೊಂದು ಛತ್ರಿ ನೇತು ಹಾಕಿ.