ಬಚ್ಚಲ ನೀರಿನ ನುಗ್ಗೆ

ನಾನು ಒಂದು ನುಗ್ಗೆ ಮರ, ಕೊಂಬೆಯಿಂದ ಹುಟ್ಟಿದವಳು. ಸಣ್ಣತಾಯಮ್ಮ ತವರಿನಿಂದ ತೋಳುದ್ದದ ಕೊಂಬೆ ತಂದು, ತುದಿಗೆ ಸಗಣಿ ಮೆತ್ತಿ, ಬಚ್ಚಲ ನೀರು ಹರಿಯುವ ಹಿತ್ತಲಲ್ಲಿ ನೆಟ್ಟಳು. ಮನೆಮಂದಿ ಮಿಂದ ನೀರೇ ನನಗೆ ಕುಡಿಯುವ ನೀರು.

ಅವಳ ಮಗ ಕೆಂಚಪ್ಪ ಊರಾಚೆಯ ಶೆಡ್ಡಿನಲ್ಲಿ ಹಳೇ ಬ್ಯಾಟರಿ ಒಡೆದು ಸೀಸ ಕರಗಿಸುತ್ತಿದ್ದ. ಸಂಜೆ ಬಂದು ಮೈ ತೊಳೆದು ಬಟ್ಟೆ ಹಿಂಡಿದರೆ ಬೂದು ನೀರು ನೇರ ನನ್ನ ಬುಡಕ್ಕೆ. ಆ ನೀರಿನಲ್ಲಿ ಸೀಸವಿತ್ತು.

ಮೊದಮೊದಲು ಸತ್ತೇ ಹೋಗುತ್ತೇನೆಂದುಕೊಂಡೆ. ನನ್ನ ಒಂದೊಂದು ಜೀವಕೋಶದಲ್ಲೂ ಪ್ರೋಟೀನುಗಳೆಂಬ ಆಳುಮಕ್ಕಳಿದ್ದಾರೆ. ಬಿಸಿಲು ಹಿಡಿದು ಅಡುಗೆ ಮಾಡುವವರ ಕೈಕಾಲು ಸೀಸ ತಾಗಿ ಸೊಟ್ಟಗಾದವು. ಎಳೆಗೂಸನ್ನು ನೀವುವ ಸೂಲಗಿತ್ತಿಯರಂಥ ಬೇರೆ ಪ್ರೋಟೀನುಗಳು ಅವರನ್ನು ನೀವಿ ನೀವಿ ನೆಟ್ಟಗೆ ಮಾಡಿದವು. ಆಮೇಲೆ ಗಂಧಕ ಬೆರೆತ ಕಿರುದಾರಗಳನ್ನು ನೂತೆ. ಸೀಸವನ್ನು ಆ ದಾರದಲ್ಲಿ ಸುತ್ತಿ, ಜೀವಕೋಶದೊಳಗಿನ ನೀರುಕೋಣೆಗೆ ನೂಕಿ ಅಗುಳಿ ಹಾಕಿದೆ. ಹೆಚ್ಚಿನದು ಬೇರಲ್ಲೇ ನಿಂತಿತು; ಮಿಕ್ಕಿದ್ದು ಎಲೆ ಸೇರಿತು. ನಂಜುಂಡನಿಗೆ ಒಂದೇ ಗಂಟಲು, ನನಗೆ ಎಲೆಗೊಂದು. ಹೀಗೆ ಬದುಕಿ ಹಸಿರಾದೆ. ಆ ಹಸಿರನ್ನು ಮನೆಯವರು ನಂಬಿದರು.

ಸೊಸೆ ಮಾದೇವಿ ಹೆಣ್ಣು ಹೆತ್ತಳು.

"ಕಣ್ಣು ಬೀಳೋ ಹಂಗೆ ಚಿಗುರೈತೆ ನೋಡವ್ವ. ಬಾಣಂತಿ ನುಗ್ಗೆಸೊಪ್ಪು ತಿಂದ್ರೆ ಹಾಲು ಉಕ್ತೈತೆ," ಎಂದಳು ಸಣ್ಣತಾಯಮ್ಮ.

"ದಿನಾ ಇದೇನಾ ಅತ್ತೆ? ನಾನೇನು ಮೇಕೆನಾ?"

"ಮೇಕೆ ಆಗಿದ್ರೆ ಎದುರು ಮಾತಾಡ್ತಿರ್ಲಿಲ್ಲ. ತಿನ್ನು."

ಮಗು ಚೆಲುವಿ ತಾಯಿಯ ಹಾಲು ಕುಡಿದಳು. ಆಮೇಲೆ ಮುದ್ದೆಯ ಜೊತೆ ಕಿವುಚಿದ ಸೊಪ್ಪನ್ನೂ ತಿಂದಳು. ತಡವಾಗಿ ಕೂತಳು. ಒಂದು ದಿನ ಕೈಕಾಲು ಸೆಟೆದು ಫಿಟ್ಸು ಬಂತು. ರಕ್ತದಲ್ಲಿ ಸೀಸ ಇದೆ ಎಂದರು ಪೇಟೆಯ ಡಾಕ್ಟರಮ್ಮ. ಕೆಂಚಪ್ಪ ಅಂದೇ ಕೆಲಸ ಬಿಟ್ಟ.

"ರಕ್ತದ ನಂಜು ತೆಗೆಯೋಕೆ ಸೊಪ್ಪಿಗಿಂತ ಔಸ್ತಿ ಇಲ್ಲ ಕಣವ್ವ," ಎಂದು ಅಜ್ಜಿ ಎರಡು ಹೊತ್ತೂ ಉಣಿಸಿದಳು.

ಬೇಡ ತಾಯಿ ಎನ್ನಲು ನನಗೆ ಬಾಯಿಲ್ಲ. ಮುದಿ ಎಲೆಗಳಿಗೆ ನಂಜು ತುಂಬಿ ಉದುರಿಸಿದೆ. ಅವಳು ಅವನ್ನು ಗುಡಿಸಿ ಹಾಕಿ, ಕೈ ಚಾಚಿ ಚಿಗುರನ್ನೇ ಕೊಯ್ದಳು.

ಮತ್ತೆ ಫಿಟ್ಸು. ಆಸ್ಪತ್ರೆಯಿಂದ ಬಂದ ಮಾದೇವಿ ನೆಟ್ಟಗೆ ಹಿತ್ತಲಿಗೇ ಬಂದಳು. ಕಂಕುಳಲ್ಲಿ ಮಗು, ಕೈಯಲ್ಲಿ ಕೊಡಲಿ.

"ಬಟ್ಟೆ ಒಗೆದ ನೀರು ಎಲ್ಲಿಗೆ ಹೋಯ್ತಿತ್ತು ಅಂತ ಕೇಳುದ್ರು ಡಾಕ್ಟರಮ್ಮ. ಹೇಳಿ ಅತ್ತೆ, ಎಲ್ಲಿಗೆ ಹೋಯ್ತಿತ್ತು?"

ಸಣ್ಣತಾಯಮ್ಮ ನನ್ನ ಬುಡ ನೋಡಿದಳು. ಸೊಸೆ ಮಗುವನ್ನು ಅವಳ ಕೈಗಿತ್ತು ಕೊಡಲಿ ಎತ್ತಿದಳು.

"ನನ್ನ ತವರಿನ ಮರ ಕಣೇ!"

"ನನ್ನ ಮಗಳು ಕಣತ್ತೆ."

ನುಗ್ಗೆ ಬಲು ಮೆತ್ತಗೆ. ಬೇಗ ಬಿದ್ದೆ.

ಈಗ ನಾನು ಮೊಣಕಾಲೆತ್ತರದ ಮೋಟು. ಓರಗೆಯ ಮಕ್ಕಳು ಓಡುತ್ತಾರೆ, ಚಾಡಿ ಹೇಳುತ್ತಾರೆ. ಚೆಲುವಿಗೆ ಅವ್ವ ಎನ್ನಲೂ ಬಂದಿಲ್ಲ. ಬೇರಿನ ಸೀಸ ಎಲ್ಲಿಗೂ ಹೋಗಿಲ್ಲ, ಮಳೆ ಬಿದ್ದರೆ ನನ್ನ ಮೈಯೆಲ್ಲ ಚಿಗುರು. ಅದು ಕಣ್ಣಿಗೆ ಬೀಳುತ್ತಲೇ ಮಾದೇವಿ ಬಂದು ಕುಕ್ಕರಗಾಲಲ್ಲಿ ಕೂತು ಒಂದೊಂದನ್ನೂ ಉಗುರಲ್ಲಿ ಚಿವುಟುತ್ತಾಳೆ. ಗಾಯದಲ್ಲಿ ಗೋಂದು ಒಸರುತ್ತದೆ. ನೋಯುತ್ತದೆ, ಆದರೂ ಅವಳ ದಾರಿ ಕಾಯುತ್ತೇನೆ. ಚಿಗುರದೆ ಇರಲು ನನಗೆ ಬರುವುದಿಲ್ಲ. ಚಿವುಟುವ ಅವಳ ಕೈ ಸೋಲದಿರಲಿ.