ತುಂತುರು ವಕೀಲರ ಒಂದು ಉಂಡೆ ದಾರ

ನಮ್ಮ ವಕೀಲರ ಕಚೇರಿಯಲ್ಲಿ ವರ್ಷಕ್ಕೊಮ್ಮೆ ನಾಲ್ಕು ಪುಟದ ಒಂದು ಹಾಳೆ ಅಚ್ಚಾಗುತ್ತದೆ. ಹೆಸರು ‘ಕಚೇರಿ ಸುದ್ದಿ’. ಯಾರು ಯಾವ ಮೊಕದ್ದಮೆ ಗೆದ್ದರು, ಯಾರು ವಾದಿಸಿದ ತೀರ್ಪು ಕಾನೂನಿನ ಪುಸ್ತಕ ಸೇರಿತು, ಯಾರಿಗೆ ಯಾವ ಸಂಘದವರು ಪದಕ ಕೊಟ್ಟರು, ಎಲ್ಲವೂ ಫೋಟೋ ಸಮೇತ ಬರುತ್ತದೆ. ಆ ತಿಂಗಳು ವಕೀಲರು ಜೇಬಿನಿಂದ ತೆಗೆದ ಬಾಚಣಿಗೆಯನ್ನು ಮತ್ತೆ ಜೇಬಿಗೆ ಇಡುವುದೇ ಇಲ್ಲ. ತಲೆಯಲ್ಲಿ ಮೂರೇ ಕೂದಲು ಉಳಿದವರೂ ಒಂದೊಂದನ್ನು ಬೇರೆ ಬೇರೆಯಾಗಿ ಬಾಚುತ್ತಾರೆ.

ನನ್ನ ಕೆಲಸ ಕಡತ ಹೊಲಿಯುವುದು. ಕಾಗದಗಳನ್ನು ಒಪ್ಪವಾಗಿ ಜೋಡಿಸಿ, ಅಂಚಿನಲ್ಲಿ ಮೂರು ತೂತು ಕೊರೆದು, ದಬ್ಬಳಕ್ಕೆ ದಾರ ಪೋಣಿಸಿ ಹೊಲಿದು, ಬಿಗಿಯಾಗಿ ಗಂಟು ಹಾಕುವುದು. ಹನ್ನೊಂದು ವರ್ಷದಿಂದ ಹೊಲಿಯುತ್ತಿದ್ದೇನೆ. ಆ ದಾರವನ್ನೆಲ್ಲ ಬಿಡಿಸಿ ಎಳೆದರೆ ಚಂದ್ರನವರೆಗೆ ಹೋಗಿ ಬಂದು ಇನ್ನೂ ಒಂದು ಚೀಲ ಹೊಲಿಯುವಷ್ಟು ಮಿಗುತ್ತದೆ. ಓದು ಅಷ್ಟಕ್ಕಷ್ಟೇ ಆದರೂ ಕಡತ ಕೈಗೆ ಕೊಟ್ಟರೆ ಅದು ಯಾರದ್ದೆಂದು ಕಣ್ಣು ಮುಚ್ಚಿಕೊಂಡು ಹೇಳಬಲ್ಲೆ.

ಗುಡುಗು ವಕೀಲರದ್ದಾದರೆ ಎತ್ತಲು ಗಟ್ಟಿ ಸೊಂಟ ಬೇಕು. ಅವರು ಕೋರ್ಟಿನಲ್ಲಿ ಬಾಯಿ ತೆರೆದರೆ ಎದುರು ರಸ್ತೆಯ ಅಂಗಡಿಯ ಗಾಜು ಅದುರುತ್ತದೆ. ಆ ಹೆಸರಿಟ್ಟವಳು ನಾನೇ. ತುಂತುರು ವಕೀಲರದ್ದಾದರೆ ಎರಡು ಬೆರಳು ಸಾಕು, ನಾಲ್ಕೈದು ಹಾಳೆ. ಅವರು ಮಾತಾಡಿದರೆ ಎದುರಿಗೆ ಕೂತವರು ಮುಂದಕ್ಕೆ ಬಾಗಬೇಕು. ಬಂದ ಜಗಳವನ್ನು ಕೋರ್ಟಿನ ಮೆಟ್ಟಿಲು ಹತ್ತಿಸದೆ, ಎರಡೂ ಕಡೆಯವರನ್ನು ಕೂರಿಸಿ, ರಾಜಿ ಮಾಡಿಸಿ ಮನೆಗೆ ಕಳಿಸುವುದೇ ಅವರ ಕೆಲಸ.

ಈ ವರ್ಷ ಯಜಮಾನಿಯವರು ಒಂದು ಹೊಸ ನಿಯಮ ಮಾಡಿದರು. ಯಜಮಾನಿ ಎಂದರೆ ತಂದೆ ಕಟ್ಟಿದ ಈ ಕಚೇರಿಯನ್ನು ಈಗ ನಡೆಸುತ್ತಿರುವ ಹಿರಿಯ ವಕೀಲೆ. ಅವರ ನಿಯಮ ಇಷ್ಟೇ: ‘ಸಾಧನೆ’ ಎಂಬ ಪುಟದಲ್ಲಿ ಸತತ ಮೂರು ವರ್ಷ ಒಂದು ಸಾಲೂ ಬರದವರು ಬೇರೆ ಜಾಗ ನೋಡಿಕೊಳ್ಳಬೇಕು. ತುಂತುರು ವಕೀಲರಿಗೆ ಇದು ಮೂರನೆಯ ವರ್ಷ.

ಸೋಮವಾರ ಟೈಪಿಸ್ಟ್ ಹುಡುಗಿ, ತುಂತುರು ವಕೀಲರು ಆ ಪುಟಕ್ಕೆಂದು ತುಂಬಿದ ಫಾರಂ ಹಿಡಿದುಕೊಂಡು ನನ್ನ ಮೇಜಿನ ಹತ್ತಿರ ಬಂದಳು.

“ಅಜ್ಜಿ, ಇದನ್ನ ನೋಡಿ. ಗೆದ್ದ ಮೊಕದ್ದಮೆ, ಗೀಟು. ಪ್ರಕಟವಾದ ತೀರ್ಪು, ಗೀಟು. ಪ್ರಶಸ್ತಿ, ಗೀಟು.”

“ಗೀಟಾದ್ರೂ ನೆಟ್ಟಗೆ ಎಳೆದಿದ್ದಾರಾ?”

“ಸ್ಕೇಲ್ ಇಟ್ಟು ಎಳೆದಿದ್ದಾರೆ. ನಗಬೇಡಿ ಅಜ್ಜಿ. ಶುಕ್ರವಾರ ಸಭೆ. ಅಷ್ಟರೊಳಗೆ ಏನೂ ಬರೀದಿದ್ರೆ ಮುಂದಿನ ತಿಂಗಳು ಅವರ ಮೇಜು ಖಾಲಿ.”

ನಾನು ನೇರವಾಗಿ ಅವರ ಮೇಜಿಗೆ ಹೋದೆ. ಅವರು ತಮ್ಮ ಚಹಾ ಲೋಟವನ್ನು ಹಳೆಯ ಪತ್ರಿಕೆಯಲ್ಲಿ ಸುತ್ತುತ್ತಿದ್ದರು. ಮೇಜು ಖಾಲಿ ಮಾಡಲು ಆಗಲೇ ಶುರು ಮಾಡಿದ್ದಾರೆ ಎಂದು ಗೊತ್ತಾಯಿತು. ನನ್ನ ಬಾಯಿ ಸುಮ್ಮನಿರುವ ಜಾತಿಯದಲ್ಲ.

“ಏನಪ್ಪಾ, ಇಷ್ಟು ವರ್ಷ ಇಲ್ಲಿ ಕೂತು ನೊಣ ಹೊಡೀತಿದ್ರಾ?”

“ನೊಣಾನೂ ಹೊಡೆದಿಲ್ಲ ಅಜ್ಜಿ. ಕಿಟಕಿ ತೆಗೆದು ಹೊರಗೆ ಕಳಿಸ್ತೀನಿ.”

“ಹಾಗಾದ್ರೆ ರಾಜಿ ಮಾಡಿಸಿದ್ದನ್ನ ಬರೀರಿ. ಎಷ್ಟು ಜನ ನಗ್ತಾ ಹೋಗಿಲ್ಲ ಇಲ್ಲಿಂದ?”

ಅವರು ಲೋಟವನ್ನು ಪೆಟ್ಟಿಗೆಯಲ್ಲಿಟ್ಟರು. “ಆ ಜಗಳ ಅವರದ್ದು ಅಜ್ಜಿ. ಬಾಗಿಲು ಹಾಕ್ಕೊಂಡು ನನ್ನ ಹತ್ರ ಹೇಳಿದ್ದನ್ನ ನಾನು ಅಚ್ಚು ಹಾಕಿಸಿದ್ರೆ ನಾಳೆ ಯಾರು ಬಾಯಿ ಬಿಡ್ತಾರೆ? ಅವರಾಗೇ ಬಂದು ಹೇಳಿದ್ರೆ ಅದು ಬೇರೆ. ನಾನಾಗಿ ಹೇಳಲ್ಲ.”

ಅವರಾಗೇ ಬಂದು ಹೇಳಿದರೆ. ಆ ಮಾತು ಹಲ್ಲಿನ ಸಂದಿಗೆ ಸಿಕ್ಕ ನಾರಿನಂತೆ ಇಡೀ ದಿನ ಕಾಡಿತು. ಏಕೆಂದರೆ ಅವರ ಕಪಾಟಿನಲ್ಲಿ ನನ್ನದೂ ಒಂದು ಜಗಳ ಇದೆ.

ಹನ್ನೊಂದು ವರ್ಷದ ಹಿಂದೆ, ಗಂಡ ತೀರಿಕೊಂಡ ವರ್ಷ, ನಾನು ಈ ಕಚೇರಿಗೆ ಬಂದದ್ದು ಕೆಲಸ ಕೇಳಲು ಅಲ್ಲ, ನನ್ನ ಓರಗಿತ್ತಿಯನ್ನು ಜೈಲಿಗೆ ಹಾಕಿಸಲು. ಅಣ್ಣ ತಮ್ಮ ಸೇರಿ ಕಟ್ಟಿಸಿದ ಮನೆ. ಕೆಳಗೆ ಅವಳು, ಮೇಲೆ ನಾನು, ನಡುವೆ ಒಂದೇ ಮೆಟ್ಟಿಲ ಸಾಲು. ಅವಳ ಗಂಡ ಮೊದಲೇ ಹೋಗಿದ್ದರು. ಮೆಟ್ಟಿಲು ತನ್ನ ಕಡೆಯದು ಎಂದು, ನಾನು ಅಂಗಡಿಗೆ ಹೋದ ಹೊತ್ತು ನೋಡಿ, ಅದರ ಬಾಗಿಲಿಗೆ ಬೀಗ ಜಡಿದಳು. ಅವಳು ಬೀಗ ತೆಗೆದ ಮೇಲೆ ನಾನು ಮೇಲಿನಿಂದ ನೆಲ ಒರೆಸಿದ ನೀರು ಬಿಟ್ಟೆ. ಒಂದೇ ಬಕೆಟ್. ಅವಳ ಬಾಯಲ್ಲಿ ಅದು ಕೆರೆ ಆಯಿತು.

ಗುಡುಗು ವಕೀಲರು ಆ ದಿನ ಕೋರ್ಟಿಗೆ ಹೋಗಿದ್ದರು. ಕಚೇರಿಯಲ್ಲಿ ಇದ್ದಿದ್ದರೆ ಆ ಮೊಕದ್ದಮೆ ಇವತ್ತಿಗೂ ನಡೆಯುತ್ತಿತ್ತು. ಸಿಕ್ಕವರು ತುಂತುರು ವಕೀಲರು. ನಾಲ್ಕು ಭಾನುವಾರ ಮನೆಗೆ ಬಂದು ಮೂರನೆಯ ಮೆಟ್ಟಿಲ ಮೇಲೆ ಕೂತರು. ಮೇಲಿನಿಂದ ನಾನು, ಕೆಳಗಿನಿಂದ ಅವಳು, ಅವರ ಎರಡು ಕಿವಿಗೂ ಸಮನಾಗಿ ಕೆಲಸ ಕೊಟ್ಟೆವು. ನಾಲ್ಕನೆಯ ಭಾನುವಾರ ಅವರು ಕೋಟಿನ ಧೂಳು ಕೊಡವಿಕೊಂಡು ಎದ್ದರು.

“ಜಗಳ ಮೆಟ್ಟಿಲದ್ದಲ್ಲ. ಬೆಳಗ್ಗೆ ಹತ್ತರಿಂದ ಸಂಜೆ ಐದರ ತನಕ ನಿಮ್ಮಿಬ್ಬರಿಗೂ ಬೇರೆ ಕೆಲಸ ಇಲ್ಲ, ಅದೇ ತೊಂದರೆ. ನಮ್ಮ ಕಚೇರೀಲಿ ಕಡತ ಹೊಲಿಯೋರು ಬೇಕು. ಒಬ್ಬರು ಬನ್ನಿ.”

ಬೀಗಕ್ಕೆ ಎರಡು ಕೀಲಿಕೈ, ನನಗೊಂದು ಕೆಲಸ, ನಾಲ್ಕು ಹಾಳೆಯ ರಾಜಿಪತ್ರ. ನಾನು ಹೊಲಿದ ಮೊಟ್ಟಮೊದಲ ಕಡತ ಅದೇ. ಗಂಟು ಸ್ವಲ್ಪ ಸೊಟ್ಟಗಿದೆ. ಆ ಬೀಗ ಈಗ ಎಲ್ಲಿದೆ ಎಂದು ನಮ್ಮಿಬ್ಬರಿಗೂ ಗೊತ್ತಿಲ್ಲ.

ಸೋಮವಾರ ಸಂಜೆ ಇಬ್ಬರೂ ಎಂದಿನಂತೆ ಮೆಟ್ಟಿಲ ಮೇಲೆ ಚಹಾ ಹಿಡಿದು ಕೂತಾಗ ಮಾತು ತೆಗೆದೆ.

“ಅಕ್ಕಾ, ನಮ್ಮ ಜಗಳಾನ ಕಚೇರಿ ಸಭೇಲಿ ಹೇಳ್ಬೇಕು ಅಂತಿದ್ದೀನಿ. ನೀನು ಒಪ್ಪಬೇಕು. ಅದರಲ್ಲಿ ಅರ್ಧ ನಿಂದು.”

“ಅರ್ಧ ಯಾಕೆ? ನೀರು ಬಿಟ್ಟೋಳು ನೀನು. ಮುಕ್ಕಾಲು ನಿಂದೇ.”

“ಬೀಗ ಹಾಕಿದ್ದು?”

“ಅದು ಗಾಳಿಗೆ ಬಿತ್ತು.”

“ಬೀಗ ಗಾಳಿಗೆ ಬೀಳುತ್ತಾ ಅಕ್ಕಾ?”

“ಆ ವರ್ಷ ಗಾಳಿ ಜೋರಿತ್ತು.”

ನಾನು ಫಾರಂ, ಗೀಟು, ಪತ್ರಿಕೆಯಲ್ಲಿ ಸುತ್ತಿದ ಲೋಟ, ಎಲ್ಲ ಹೇಳಿದೆ. ಅವಳು ತನ್ನ ಚಹಾವನ್ನು ಪಕ್ಕಕ್ಕಿಟ್ಟಳು.

“ಆ ಮನುಷ್ಯ ನಾಕು ವಾರ ಈ ಕಲ್ಲಿನ ಮೇಲೆ ಕೂತಿದ್ದ,” ಎಂದಳು. “ಒಂದು ಸಲಾನೂ ನನ್ನ ಮುಖ ನೋಡಿ ತಪ್ಪು ನಿಂದು ಅನ್ಲಿಲ್ಲ. ನೀನು ದಿನಾ ಅಂತೀಯ. ಶುಕ್ರವಾರ ಎಷ್ಟು ಗಂಟೆಗೆ?”

“ನೀನು ಬರೋದು ಬೇಡ, ಮಂಡಿ ನೋವು ನಿಂಗೆ.”

“ನಿನ್ನೊಬ್ಬಳನ್ನೇ ಬಿಟ್ರೆ ಬಕೆಟ್ ನೀರನ್ನ ಒಂದು ಚಮಚ ಮಾಡ್ತೀಯ. ಬರ್ತೀನಿ.”

ಶುಕ್ರವಾರ ಸಭೆಯ ಕೋಣೆಯಲ್ಲಿ ಉದ್ದನೆಯ ಮೇಜಿನ ತಲೆಯಲ್ಲಿ ಯಜಮಾನಿ, ಬಲಕ್ಕೆ ಗುಡುಗು ವಕೀಲರು, ಬಾಗಿಲ ಹತ್ತಿರದ ಕುರ್ಚಿಯಲ್ಲಿ ತುಂತುರು ವಕೀಲರು. ಮೊದಲ ಪುಟಕ್ಕೆ ಸುದ್ದಿ ಸಿದ್ಧವಾಗಿತ್ತು: ಅಕ್ಕಪಕ್ಕದ ಎರಡು ಮನೆಗಳ ನಡುವೆ ಹತ್ತೊಂಬತ್ತು ವರ್ಷ ನಡೆದ ಒಂದು ಗೋಡೆಯ ಮೊಕದ್ದಮೆಯನ್ನು ಗುಡುಗು ವಕೀಲರು ಗೆದ್ದಿದ್ದರು. ಫೋಟೋಗೆಂದು ಅದರ ಕಡತಗಳನ್ನು ತರಲು ಹೇಳಿದ್ದರು. ನಾನು ನಾಲ್ಕು ಸಲ ಓಡಾಡಿ ಹದಿನಾಲ್ಕು ಸಂಪುಟ ತಂದು ಪೇರಿಸಿದೆ. ಮೇಜು ಒಂದು ಸಲ ಅಯ್ಯೋ ಎಂದಿತು. ಐದನೆಯ ಸಲ ತುಂತುರು ವಕೀಲರ ಹನ್ನೊಂದು ವರ್ಷದ ಕಡತಗಳನ್ನೆಲ್ಲ ಒಂದೇ ತೆಕ್ಕೆಯಲ್ಲಿ ತಂದು ಪಕ್ಕದಲ್ಲಿಟ್ಟೆ.

ತುಂತುರು ವಕೀಲರು ಎದ್ದು ನಿಂತರು. “ಅಜ್ಜಿ, ಅದನ್ನ ತೆರೀಬೇಡಿ.”

“ದಪ್ಪ ನೋಡೋಕೆ ತೆರೀಬೇಕಾ? ಕೂತ್ಕೊಳ್ಳಿ.”

“ಇದೇನಿದು?” ಎಂದರು ಯಜಮಾನಿ.

“ಅಮ್ಮಾ, ನಂಗೆ ಸಾಧನೆ ಗೀಧನೆ ಗೊತ್ತಿಲ್ಲ. ದಾರ ಗೊತ್ತು. ಆ ಗೋಡೆ ಹೊಲಿಯೋಕೆ ನಾನು ಬಂದ ಮೇಲೇ ಏಳು ಉಂಡೆ ದಾರ ಹೋಯ್ತು, ಎರಡು ದಬ್ಬಳ ಮುರೀತು. ಇವರ ಮುನ್ನೂರು ಚಿಲ್ಲರೆ ಜಗಳಕ್ಕೆ ಒಂದೇ ಉಂಡೆ. ಇನ್ನೂ ಮಿಕ್ಕಿದೆ.” ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಉಂಡೆಯನ್ನು ತೆಗೆದು ಮೇಜಿನ ಮೇಲಿಟ್ಟೆ. “ಉಳಿದೋರ ವಿಷಯ ನಾನು ಹೇಳೋ ಹಾಗಿಲ್ಲ. ಆದರೆ ಮೇಲಿರೋದು ನಂದು. ಸೊಟ್ಟ ಗಂಟಿನದ್ದು.”

“ನಮ್ಮದು,” ಎಂದಿತು ಬಾಗಿಲಿನಿಂದ ಒಂದು ದನಿ. ನನ್ನ ಓರಗಿತ್ತಿ ಮಂಡಿ ಹಿಡಿದುಕೊಂಡು ಏದುಸಿರು ಬಿಡುತ್ತಾ ನಿಂತಿದ್ದಳು. “ಇವಳು ನನ್ನ ಮೈಮೇಲೆ ಕೆರೆ ಕೆಡವಿದೋಳು. ಈಗ ನಂಗೆ ಜ್ವರ ಬಂದ್ರೆ ರಜಾ ಹಾಕಿ ಪಕ್ಕದಲ್ಲಿ ಕೂರೋಳೂ ಇವಳೇ. ಆ ಮಹಾನುಭಾವರು ಇಲ್ದಿದ್ರೆ ನಾವಿಬ್ಬರೂ ಇಷ್ಟು ಹೊತ್ತಿಗೆ ಒಬ್ಬರನ್ನೊಬ್ಬರು ನೋಡ್ದೆ ಸತ್ತಿರ್ತಿದ್ವಿ. ಅಷ್ಟು ಹೇಳೋಕೆ ನಲವತ್ತು ಮೆಟ್ಟಿಲು ಹತ್ತಿ ಬಂದೆ.”

ಕಚೇರಿಗೆ ಇರುವುದು ಹದಿನೆಂಟು ಮೆಟ್ಟಿಲು. ಆ ದಿನ ನಾನು ತಿದ್ದಲಿಲ್ಲ.

ತುಂತುರು ವಕೀಲರು ಕನ್ನಡಕ ತೆಗೆದು ಒರೆಸತೊಡಗಿದರು. ಒರೆಸುತ್ತಲೇ ಇದ್ದರು.

ಯಜಮಾನಿ ಎರಡೂ ರಾಶಿಗಳನ್ನು ನೋಡಿದರು. ಆಮೇಲೆ ಗುಡುಗು ವಕೀಲರ ಕಡೆ ತಿರುಗಿ, “ಮೊದಲ ಪುಟದ ಫೋಟೋಗೆ ನಿಮ್ಮ ಜೊತೆ ಗೆದ್ದವರು ಯಾರು ನಿಲ್ತಾರೆ?” ಎಂದು ಕೇಳಿದರು.

ಗುಡುಗು ವಕೀಲರು ಮೊದಲ ಸಲ ಮೆಲ್ಲಗೆ ಮಾತಾಡಿದರು. “ಯಾರೂ ಇಲ್ಲ. ಅವರು ತೀರಿಕೊಂಡು ನಾಲ್ಕು ವರ್ಷ ಆಯ್ತು. ಮಗಳನ್ನ ಕರೆದೆ. ಆ ಗೋಡೆ ಹೆಸರು ಎತ್ತಬೇಡಿ ಅಂದ್ರು.” ಆಮೇಲೆ ಬಾಗಿಲ ಹತ್ತಿರದ ಕುರ್ಚಿಯನ್ನು ತೋರಿಸಿ, “ಅವರು ಮೊದಲು ಇವರ ಹತ್ರ ಹೋಗಿದ್ದಿದ್ರೆ ಗೋಡೆ ಪಕ್ಕ ಇಬ್ಬರೂ ಕುರ್ಚಿ ಹಾಕ್ಕೊಂಡು ಕೂತಿರ್ತಿದ್ರೋ ಏನೋ. ಇವರನ್ನ ಕಳಿಸಬೇಡಿ ಮೇಡಂ. ನಾನು ಕೇಳ್ಕೊಳ್ತೀನಿ,” ಎಂದರು.

ಆ ಮಾತಿಗೆ ನಾನು ಅವರಿಗೆ ಇಟ್ಟ ಹೆಸರನ್ನು ಬದಲಾಯಿಸಬೇಕೆಂದುಕೊಂಡೆ. ಮಾರನೆಯ ದಿನ ಅವರು ಫೋನಿನಲ್ಲಿ ಮಾತಾಡಿದ್ದು ಕೇಳಿ ಬೇಡವೆಂದು ಬಿಟ್ಟೆ.

ಯಜಮಾನಿ ಈ ವರ್ಷದ ಕಡತಗಳೆಷ್ಟು ಎಂದು ನನ್ನನ್ನು ಕೇಳಿ, ಪೆನ್ನು ತೆಗೆದು ಆ ಫಾರಂನ ಗೀಟುಗಳ ಕೆಳಗೆ ತಾವೇ ಒಂದು ಸಾಲು ಬರೆದರು. ಟೈಪಿಸ್ಟ್ ಹುಡುಗಿ ಗಟ್ಟಿಯಾಗಿ ಓದಿದಳು: “ಈ ವರ್ಷ ನಲವತ್ತೊಂದು ಜಗಳ ಕೋರ್ಟಿಗೆ ಹೋಗದೆ ಮುಗಿದವು. ಹೆಸರು ಕೇಳಬೇಡಿ.” ಇನ್ನು ಮುಂದೆ ಹೊಸದಾಗಿ ಬರುವವರೆಲ್ಲ ಮೊದಲು ತುಂತುರು ವಕೀಲರ ಮುಂದೆ ಕೂರಬೇಕು ಎಂದೂ ಹೇಳಿದರು.

ಸಭೆ ಮುಗಿದ ಮೇಲೆ ತುಂತುರು ವಕೀಲರು ನನ್ನ ಮೇಜಿನ ಹತ್ತಿರ ಬಂದು ನಿಂತರು.

“ಮೊದಲು ಆ ಲೋಟ ಬಿಚ್ಚಿ,” ಎಂದೆ. “ಚಹಾ ಆರ್ತಿದೆ.”

ಹಾಳೆ ಅಚ್ಚಾಗಿ ಬಂತು. ಮೊದಲ ಪುಟದಲ್ಲಿ ಹದಿನಾಲ್ಕು ಸಂಪುಟಗಳ ಪಕ್ಕ ಗುಡುಗು ವಕೀಲರು ಒಬ್ಬರೇ. ಎರಡನೆಯ ಪುಟದಲ್ಲಿ ನಮ್ಮ ಮನೆಯ ಮೂರನೆಯ ಮೆಟ್ಟಿಲ ಮೇಲೆ ತುಂತುರು ವಕೀಲರು, ಅವರಿಗಿಂತ ಒಂದು ಮೆಟ್ಟಿಲು ಮೇಲೆ ನಾನು, ಒಂದು ಮೆಟ್ಟಿಲು ಕೆಳಗೆ ಅವಳು. ತಾನೇ ಚೆನ್ನಾಗಿ ಬಂದಿದ್ದೇನೆ ಎಂದು ಅವಳು ತನ್ನ ಪ್ರತಿಯಿಂದ ಅದನ್ನು ಕತ್ತರಿಸಿ ನಾನು ಇಳಿದು ಬರುವ ಮೆಟ್ಟಿಲ ಪಕ್ಕದ ಗೋಡೆಗೆ ಅಂಟಿಸಿದ್ದಾಳೆ.

ಈಗ ಬಂದವರೆಲ್ಲ ಮೊದಲು ಅವರ ಹತ್ತಿರ ಹೋಗುವುದರಿಂದ ನನಗೆ ಹೊಲಿಯಲು ಕೆಲಸವೇ ಇಲ್ಲ. ದಬ್ಬಳಕ್ಕೆ ತುಕ್ಕು ಹಿಡಿದು ಅದರ ಕಣ್ಣಿನೊಳಗೆ ಜೇಡ ಸಂಸಾರ ಹೂಡಿದೆ. ಯಾರಿಗೆ ದೂರುವುದು, ಕೆಲಸ ಕೊಟ್ಟವರೇ ಕೆಲಸ ಕಿತ್ತುಕೊಂಡರೆ.

ನನಗೆ ಕೊಟ್ಟ ‘ಕಚೇರಿ ಸುದ್ದಿ’ಯ ಪ್ರತಿಯನ್ನು ನಾನು ಮನೆಗೆ ಒಯ್ಯಲಿಲ್ಲ. ಕಪಾಟಿನಿಂದ ನಮ್ಮ ನಾಲ್ಕು ಹಾಳೆಯ ಕಡತವನ್ನು ಇಳಿಸಿ, ಅದೇ ಉಂಡೆಯ ಮಿಕ್ಕ ದಾರದಿಂದ, ಮೂರು ತೂತು ಕೊರೆದು ಅದರ ಹಿಂದೆ ಹೊಲಿದೆ. ಈ ಸಲ ಗಂಟು ನೆಟ್ಟಗೆ ಬಂತು. ಅವರ ಅಷ್ಟೂ ಕಡತಗಳಲ್ಲಿ ಮುಗಿದ ಮೇಲೆ ದಪ್ಪಗಾದದ್ದು ಅದೊಂದೇ.