ಬೆಟ್ಟಕ್ಕೆ ಹೊರಟಿದ್ದ ಮುಡುಪು

ಅಲ್ಲಿ ಹೊಳೆದದ್ದು ಐದು ರೂಪಾಯಿ ಬಿಲ್ಲೆಯಲ್ಲ, ಕಪ್ಪೆಚಿಪ್ಪು, ಇದೂ ಕಪ್ಪೆಚಿಪ್ಪೇ, ಥೂ, ಈ ದಡದಲ್ಲಿ ಬಿದ್ದಿರುವುದೆಲ್ಲ ಹೊಳೆಯುವುದೇ, ನೊರೆ ಬಂದು ಮೊಣಕಾಲು ಮುಚ್ಚುತ್ತದೆ, ಹಿಂದಕ್ಕೆ ಹೋಗುವಾಗ ನನ್ನ ಅಂಗೈ ಕೆಳಗಿನ ಮರಳನ್ನೂ ಎಳೆದುಕೊಂಡು ಹೋಗುತ್ತದೆ, ಒಂದು ಪುಟ್ಟ ಏಡಿ ತೂತಿನಿಂದ ಇಣುಕಿ ನನ್ನನ್ನು ನೋಡಿ ಒಳಗೆ ಸೇರಿಕೊಂಡಿತು — ನೀನೇನಾದರೂ ಎತ್ತಿಕೊಂಡೆಯೇನೋ, ಕೊಟ್ಟುಬಿಡೋ, ಅದು ನನ್ನದಲ್ಲ, ಅನಿತಳದು, ಅನಿತಳದೂ ಅಲ್ಲ, ಬೆಟ್ಟದ ಮೇಲಿರುವ ವೆಂಕಟರಮಣನದು. ಎಡಗೈಯಲ್ಲಿ ಹಳದಿ ಬಟ್ಟೆ ಬಿಗಿಯಾಗಿ ಹಿಡಿದಿದ್ದೇನೆ, ಖಾಲಿ ಬಟ್ಟೆ, ಅರಿಶಿನವೆಲ್ಲ ಉಪ್ಪುನೀರಿಗೆ ಬಿಟ್ಟು ಮಾಸಿಹೋಗಿದೆ, ನಡುವೆ ಬಿಲ್ಲೆ ಕೂತಿದ್ದ ಜಾಗ ಮಾತ್ರ ದುಂಡಗೆ, ಗಾಢವಾಗಿ ಹಾಗೇ ಉಳಿದಿದೆ, ನೋಡಬಾರದು. ದಡದಲ್ಲಿ ಇವರು ನಿಂತಿದ್ದಾರೆ, ನನ್ನ ಯಜಮಾನರು, ಉಮಾಶಂಕರ್, ಪ್ಯಾಂಟು ಮೊಣಕಾಲಿಗೆ ಮಡಚಿಕೊಂಡು, ಒಂದು ಕೈಯಲ್ಲಿ ನನ್ನ ಚಪ್ಪಲಿ, ಇನ್ನೊಂದರಲ್ಲಿ ನನ್ನ ಫೋನು, ಏಯ್ ಶೋಭಾ ಸಾಕು ಬಾರೇ, ಸಮುದ್ರದಲ್ಲಿ ಬಿದ್ದಿದ್ದು ಎಲ್ಲಾದ್ರೂ ಸಿಗ್ತದಾ, ಬೇರೆ ಬಿಲ್ಲೆ ಇಟ್ಟು ಕಟ್ಟಿದ್ರಾಯ್ತು, ಯಾರಿಗೆ ಗೊತ್ತಾಗ್ತದೆ — ಯಾರಿಗೆ ಗೊತ್ತಾಗುತ್ತದಂತೆ, ಈ ಒಂದು ಮಾತನ್ನು ಹೇಳಿಕೊಂಡೇ ಅಲ್ಲವೇ ನಾವಿಬ್ಬರೂ ಇಲ್ಲಿಯವರೆಗೆ ಬಂದದ್ದು.

ವಕ್ಕಲೇರಿಯಲ್ಲಿ ಮನೆ ಬಿಟ್ಟು ಹೊರಡಬೇಕೆಂದರೆ ಕಾರಣ ಬೇಕು, ಮದುವೆ, ಸಾವು, ಆಸ್ಪತ್ರೆ, ದೇವರು, ಇಷ್ಟೇ, ಸುಮ್ಮನೆ ಸಮುದ್ರ ನೋಡಿಬರುತ್ತೇವೆ ಎಂದಿದ್ದರೆ ನಮ್ಮತ್ತೆ ದೊಡ್ಡಗಂಗಮ್ಮ ಏನನ್ನುತ್ತಿದ್ದರೆಂದು ನನಗೆ ಬಾಯಿಪಾಠ, ಏನಮ್ಮಾ ಈ ವಯಸ್ಸಲ್ಲಿ ಹನಿಮೂನಾ, ಹಸುಗಳ್ನೆಲ್ಲ ಅನಿತ ಒಬ್ಳೇ ನೋಡ್ಕಂಡು ಸಾಯ್ಬೇಕಾ — ಅನಿತ ಎಂದರೆ ನನ್ನ ವಾರಗಿತ್ತಿ, ಮೈದುನ ಅಮರನಾಥನ ಹೆಂಡತಿ, ಒಂದೇ ಮನೆ, ಒಂದೇ ಒಲೆ, ನಾನು ಅಂಗನವಾಡಿಗೆ ಹೋದರೆ ಮನೆಯ ಹಿಂದು ಮುಂದು ಎಲ್ಲ ಅವಳದೇ. ಅಂಗನವಾಡಿ ಗೋಡೆಗೆ ನೀಲಿ ಬಣ್ಣ ಹೊಡೆಸಿ ನಾಲ್ಕು ಮೀನು ಬರೆಸಿ ಇದೇ ಸಮುದ್ರ ಕಣ್ರೋ ಅಂತ ಮಕ್ಕಳಿಗೆ ಹೇಳಿಕೊಡುವ ಟೀಚರಮ್ಮ, ತಾನು ನೋಡಿಲ್ಲ, ತಲೆಯಲ್ಲಿ ಬಿಳಿ ಕೂದಲು ಬಂದರೂ ನೋಡಿಲ್ಲ. ಇವರ ಆಫೀಸಿನ ಕದಿರೇಶ್ ಚೆನ್ನೈ ಕಡೆ ಯಾವುದೋ ದೊಡ್ಡ ರೆಸಾರ್ಟಿಗೆ ಹೋಗಿ ಬಂದಿದ್ದ, ಕೈಗೊಂದು ಪಟ್ಟಿ ಕಟ್ತಾರೆ ಸಾರ್, ಬೆಳಿಗ್ಗೆಯಿಂದ ರಾತ್ರಿವರೆಗೂ ತಿಂತಾನೇ ಇರಬಹುದು, ಈಜುಕೊಳದಲ್ಲೇ ಕೂತ್ಕೊಂಡು ಸಮುದ್ರ ನೋಡಬಹುದು, ಅದಕ್ಕೆ ಇವರು ಮನೆಗೆ ಬಂದು ನಕ್ಕಿದ್ದೇ ನಕ್ಕಿದ್ದು, ಸಮುದ್ರಕ್ಕೆ ಹೋಗಿ ತೊಟ್ಟೀಲಿ ಮುಳುಗೋಕೆ ನಮಗೇನು ಹುಚ್ಚಾ, ನಾವು ಕಾರು ಬಾಡಿಗೆಗೆ ತಗೊಂಡು ಆಂಧ್ರದ ಕಡೆ ಸಣ್ಣ ಸಣ್ಣ ಊರು ನೋಡೋಣ, ಬೋಟು, ಬಲೆ, ಒಂದು ಟೀ ಅಂಗಡಿ, ಎಲ್ಲಿ ಚೆನ್ನಾಗಿದ್ರೆ ಅಲ್ಲಿ ನಿಲ್ಲೋಣ, ತೆಲುಗು ಹೇಗೂ ಬರ್ತದೆ. ಊರಿನ ಟ್ಯಾಕ್ಸಿ ಬೇಡ, ಆಂಜಿಯನ್ನು ಡ್ರೈವರಾಗಿ ಕರೆದುಕೊಂಡು ಹೋದರೆ ನಾವು ಮನೆ ಸೇರುವ ಮುಂಚೆ ಸುದ್ದಿ ಸೇರಿರುತ್ತದೆ, ಅದಕ್ಕೇ ಕೋಲಾರದಲ್ಲಿ ಭೀಮರಾಜ್ ಅನ್ನುವವನ ಹತ್ತಿರ ಸೆಲ್ಫ್ ಡ್ರೈವ್ ಕಾರು, ಕಪ್ಪು ನಂಬರ್ ಪ್ಲೇಟು, ಅವನು ಕಾರಿನ ಸುತ್ತ ಒಂದೊಂದು ಗೀರನ್ನೂ ಫೋನಿನಲ್ಲಿ ವಿಡಿಯೋ ಹಿಡಿದುಕೊಂಡ, ಇವೆಲ್ಲ ಮುಂಚೇನೇ ಇದ್ವು ಮೇಡಂ, ಹೊಸದಾಗಿ ಏನೂ ಮಾಡ್ಕೊಂಡು ಬರಬೇಡಿ ಎಂದ. ಮನೆಯಲ್ಲಿ ಹೇಳಿದ್ದು ತಿರುಪತಿ. ತಿರುಪತಿ ಎಂದರೆ ನಮ್ಮ ಕಡೆ ಯಾರೂ ಯಾಕೆ ಎಂದು ಕೇಳುವುದಿಲ್ಲ, ಕೈಮುಗಿದು ಕಳಿಸುತ್ತಾರೆ.

ಕಾರು ಗೊತ್ತುಮಾಡಿ ಆದ ಮೇಲೆ ಅಮರನ ಕುತ್ತಿಗೆಯಲ್ಲಿ ಗಡ್ಡೆ ಕಂಡದ್ದು. ಕಿವಿಯ ಕೆಳಗೆ, ನೆಲ್ಲಿಕಾಯಿಯಷ್ಟು, ಮುಟ್ಟಿದರೆ ನೋವಿಲ್ಲ ಎಂದ, ನೋವಿಲ್ಲ ಎಂದದ್ದಕ್ಕೇ ಡಾಕ್ಟರ ಮುಖ ಬದಲಾಯಿತು ಅಂತ ಅನಿತ ಹೇಳಿದಳು, ಸೂಜಿ ಹಾಕಿ ತೆಗೆದು ಟೆಸ್ಟಿಗೆ ಬೆಂಗಳೂರಿಗೆ ಕಳಿಸಿದರು, ರಿಪೋರ್ಟು ಬರೋವರೆಗೂ ಏನೂ ಹೇಳಕ್ಕಾಗಲ್ಲಮ್ಮ. ನಾನು ಆ ಮನೆಗೆ ಸೊಸೆಯಾಗಿ ಬಂದಾಗ ಅಮರ ಹೈಸ್ಕೂಲು ಹುಡುಗ, ಬೆಳಿಗ್ಗೆ ತಲೆಗೆ ಎಣ್ಣೆ ಹಚ್ಚಿಸಿಕೊಳ್ಳಲು ನನ್ನ ಮುಂದೆ ಕೂರುತ್ತಿದ್ದ, ಅದೇ ಕುತ್ತಿಗೆ, ನಾನು ಎಷ್ಟು ಸಲ ಟವೆಲಿನಿಂದ ಒರೆಸಿದ ಕುತ್ತಿಗೆ. ಈಗೇನು ಬೇಡ ಬಿಡಿ, ರಿಪೋರ್ಟು ಬಂದ ಮೇಲೆ ನೋಡೋಣ ಎಂದು ನಾನೇ ಹೇಳಿದೆ, ನಿಜವಾಗಿ ಹೇಳಿದೆ, ಆದರೆ ಅತ್ತೆ ಎದ್ದು ನಿಂತುಬಿಟ್ಟರು, ಬೆಟ್ಟಕ್ಕೆ ಅಂತ ಬಾಯಲ್ಲಿ ಬಂದ್ಮೇಲೆ ನಿಲ್ಲಿಸ್ತಾರೇನೇ, ಅದೂ ಇಂಥಾ ಹೊತ್ತಲ್ಲಿ, ಅವನೇ ಕರೀತಾವ್ನೆ, ಹೋಗ್ರಿ ಸುಮ್ನೆ. ಅಮರ ಬೇರೆ ನಗುತ್ತಾ, ಅತ್ತಿಗೆ, ನನ್ನ ಲೆಕ್ಕದಲ್ಲೂ ಒಂದು ಗೋವಿಂದ ಹೇಳ್ಬಿಡಿ, ಲಡ್ಡು ಮಾತ್ರ ನನ್ನ ಪಾಲು ಯಾರಿಗೂ ಕೊಡ್ಬೇಡಿ. ಹೊರಡುವ ಬೆಳಿಗ್ಗೆ ಅನಿತ ತಲೆಗೆ ಸ್ನಾನ ಮಾಡಿ, ಒದ್ದೆ ಕೂದಲಲ್ಲೇ ಬಂದು, ಬಿಳಿ ಬಟ್ಟೆ ಚೂರನ್ನು ಅರಿಶಿನದಲ್ಲಿ ಅದ್ದಿ, ಗಂಡನ ಅಂಗಿ ಜೇಬಿನಿಂದಲೇ ಒಂದು ಐದು ರೂಪಾಯಿ ಬಿಲ್ಲೆ ತೆಗೆದು ಅವನ ಗಡ್ಡೆಯ ಮೇಲೆ ಒತ್ತಿ ಹಿಡಿದಳು, ತಣ್ಣಗದೆ ಕಣೇ ಎಂದು ಅವನು ಹೆಗಲು ಕುಗ್ಗಿಸಿದ, ಅವಳು ನಗಲಿಲ್ಲ, ಏನೋ ಬೇಡಿಕೊಳ್ಳುತ್ತಲೇ ಬಿಲ್ಲೆಯನ್ನು ಬಟ್ಟೆಯಲ್ಲಿಟ್ಟು ಗಂಟು ಹಾಕಿ, ಗಂಟಿನ ಮೇಲೆ ಗಂಟು ಹಾಕಿ ನನ್ನ ಕೈಗಿಟ್ಟಳು, ಅಕ್ಕಾ ಈ ಮುಡುಪನ್ನ ನಿನ್ನ ಕೈಯಾರೆ ಹುಂಡಿಗೆ ಹಾಕು, ಭಾವನ ಕೈಗೂ ಕೊಡ್ಬೇಡ, ಕೆಳಗಿಡ್ಬೇಡ, ಬಿಚ್ಚಬೇಡ. ಆಗ ಹೇಳಬಹುದಿತ್ತು. ಅನಿತಾ, ನಾವು ಹೋಗ್ತಿರೋದು ಬೆಟ್ಟಕ್ಕಲ್ಲ ಕಣೇ, ಇಷ್ಟೇ ಮಾತು, ಅವಳೇನು ಹೊಡೆಯುತ್ತಿದ್ದಳೇ. ನಾನು ಅರಿಶಿನದ ಕೈಯನ್ನು ಸೆರಗಿಗೆ ಒರೆಸಿಕೊಂಡು ಕಾರು ಹತ್ತಿದೆ.

ಮೊದಲು ಸಮುದ್ರ, ಬರ್ತಾ ಬೆಟ್ಟ, ಹುಂಡಿಗೆ ಹಾಕೇ ಹಾಕೋಣ, ಸುಳ್ಳು ಹೇಳಿದ ಹಾಗೂ ಆಗಲ್ಲ ಅಂತ ಇವರ ಲೆಕ್ಕ, ನನಗೂ ಸರಿ ಎನಿಸಿತು, ಸರಿ ಎನಿಸಬೇಕಿತ್ತು. ಮುಳಬಾಗಿಲಲ್ಲಿ ದೋಸೆ ತಿಂದೆವು, ನಂಗಲಿ ದಾಟಿದೆವು, ಚಿತ್ತೂರು ದಾಟಿದ ಮೇಲೆ ಬೆಟ್ಟದ ಸಾಲು ಕಂಡಿತು, ನಾನು ಕಾರಿನೊಳಗಿಂದಲೇ ಕೈಮುಗಿದೆ, ಮುಡುಪು ಎರಡು ಅಂಗೈಗಳ ನಡುವೆ, ಬರ್ತಾ ಬರ್ತೀವಪ್ಪಾ, ಬೆಟ್ಟ ಬಹಳ ಹೊತ್ತು ಕಿಟಕಿಯಲ್ಲೇ ಇತ್ತು, ಕಾಳಹಸ್ತಿ ಬರುವವರೆಗೂ ನಾನು ಆ ಕಡೆ ತಿರುಗಲಿಲ್ಲ. ಆಮೇಲೆ ತೂಪಿಲಿಪಾಳೆಂ ಅನ್ನುವ ಊರು, ಆಮೇಲೆ ಇನ್ನೂ ಸಣ್ಣದು, ಇದು, ಹೆಸರು ನನ್ನ ನಾಲಿಗೆಗೆ ಇನ್ನೂ ಹತ್ತಿಲ್ಲ, ಸರ್ವೆ ಮರಗಳ ಸಾಲು ದಾಟಿದ ಕೂಡಲೇ ಒಮ್ಮೆಗೇ ಎದುರಿಗೆ — ಅಯ್ಯೋ, ಎಷ್ಟೊಂದು ನೀರು, ಗೋಡೆಯ ಮೇಲಿನ ನೀಲಿ ಯಾವ ಮೂಲೆಗೆ, ಯಾರೂ ಇಲ್ಲ, ಪಟ್ಟಿ ಕಟ್ಟುವವರಿಲ್ಲ, ದಡದಲ್ಲಿ ಬಲೆ ಹೊಲಿಯುವ ನಾಲ್ಕು ಜನ, ಒಂದು ನಾಯಿ, ನಾನು ಚಪ್ಪಲಿ ಬಿಟ್ಟು ಓಡಿದೆ, ಈ ಮೈ ಹೊತ್ತುಕೊಂಡು ಓಡಿದೆ, ಇವರು ಹಿಂದಿನಿಂದ ಶೋಭಾರಾಣಿಯವರೇ ನಿಧಾನ ಎಂದು ಕೂಗಿದರು, ಮದುವೆಯಾದ ಹೊಸದರಲ್ಲಿ ಹಾಗೆ ಕರೆಯುತ್ತಿದ್ದರು. ಒಂದೇ ದಿನ ಎಂದು ಬಂದದ್ದು, ಮರುದಿನ ಇವರು ಬ್ಯಾಗು ಕಟ್ಟಿದರು, ಬೆಟ್ಟಕ್ಕೆ ಹೋಗ್ಬೇಕಲ್ಲೇ, ಇನ್ನೊಂದು ದಿನ ಇರೋಣ ರೀ ಎಂದವಳು ನಾನು. ನಾನೇ. ಇವರ ಮೇಲೆ ಹಾಕುವ ಹಾಗಿಲ್ಲ. ಬೆಳಿಗ್ಗೆ ಎದ್ದರೆ ಹಾಲು ಕರೆಯುವುದಿಲ್ಲ, ಯಾರ ಊಟದ ಚಿಂತೆಯಿಲ್ಲ, ಅಮರನ ಗಡ್ಡೆ ಒಂದು ಇಡೀ ಬೆಳಗು ನನ್ನ ನೆನಪಿಗೇ ಬರಲಿಲ್ಲ, ಅದೊಂದನ್ನು ಯಾರ ಮುಂದೆ ಹೇಳಿಕೊಳ್ಳಲಿ. ನಿನ್ನೆ ಸಂಜೆ ನಾವು ಬಾಡಿಗೆಗೆ ಇಳಿದುಕೊಂಡ ಮನೆಯ ಯಜಮಾನ ಪೆದ್ದಪ್ಪನ ಹೆಂಡತಿ ಹುಣಸೆ ಹಿಂಡಿ ಏಡಿ ಪುಲುಸು ಮಾಡಿ ಮಹಡಿಯ ಮೇಲಿನ ನಮ್ಮ ರೂಮಿಗೆ ತಂದುಕೊಟ್ಟಳು, ಮುಡುಪು ಕೈಯಲ್ಲಿರುವವರು ಹಾಗೆಲ್ಲ ತಿನ್ನಬಾರದು, ಗೊತ್ತು, ಚೆನ್ನಾಗಿ ಗೊತ್ತು, ಮುಡುಪನ್ನು ಕಿಟಕಿ ಸರಳಿಗೆ ಕಟ್ಟಿ ಅದಕ್ಕೆ ಬೆನ್ನು ಹಾಕಿ ಕೂತು ತಿಂದೆ, ಕೊಂಡಿ ಕಚ್ಚಿ ಚೀಪಿ ತಿಂದೆ. ಆಗಲೇ ಅನಿತಳ ಫೋನು, ಅಕ್ಕಾ ದರ್ಶನ ಆಯ್ತಾ, ನಾಳೆ ಬೆಳಿಗ್ಗೆ ರಿಪೋರ್ಟ್ ಕೊಡ್ತಾರಂತೆ, ನಂಗೆ ಕೈಕಾಲೇ ಆಡ್ತಿಲ್ಲ, ಹಾಕ್ದೇನಕ್ಕಾ. ಪುಲುಸಿನ ಬೆರಳುಗಳನ್ನು ತಟ್ಟೆಯ ಮೇಲೆ ಎತ್ತಿ ಹಿಡಿದುಕೊಂಡೇ, ಹಾಕ್ದೆ ಕಣೇ, ನನ್ನ ಕೈಯಾರೆ ಹಾಕ್ದೆ, ನೀನು ನಿಶ್ಚಿಂತೆಯಾಗಿ ಮಲಗು ಎಂದೆ, ನಾಲಿಗೆ ಕೂಡ ತಡವರಿಸಲಿಲ್ಲ.

ಆಮೇಲೆ ನಿದ್ದೆ ಎಲ್ಲಿಯದು. ಬೆಳಗಾಗುತ್ತಲೇ ಇವರನ್ನು ಎಬ್ಬಿಸಿದೆ, ಎದ್ದೇಳ್ರೀ, ಇವತ್ತೇ ಬೆಟ್ಟ, ಎಷ್ಟು ಹೊತ್ತು ಕ್ಯೂ ನಿಲ್ಲಿಸಿದ್ರೂ ನಿಲ್ತೀನಿ, ಹಾಕಿ ಆದ್ಮೇಲೆ ಸುಳ್ಳು ನಿಜ ಆಗ್ತದೆ. ಆದರೆ ಏಡಿ ತಿಂದ ಮೈ, ತಿಂದ ರೂಮಿನಲ್ಲಿ ಇದ್ದ ಮುಡುಪು, ಹೀಗೇ ಹೇಗೆ ಹೋಗುವುದು, ಸಮುದ್ರಸ್ನಾನಕ್ಕಿಂತ ದೊಡ್ಡ ಮಡಿ ಯಾವುದಿದೆ, ಮುಡುಪನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಸೀರೆಯಲ್ಲೇ ಮುಳುಗಿ ಎದ್ದು ಹಾಗೇ ಹೊರಟುಬಿಡೋಣ, ಅದೂ ಶುದ್ಧ, ನಾನೂ ಶುದ್ಧ — ದಡ್ಡಿ, ದಡ್ಡಿ, ಯಾವಳು ಹೇಳಿಕೊಟ್ಟಳು ನಿನಗೆ. ಮೂಗು ಹಿಡಿದು ಮುಳುಗಿದೆ, ಗೋವಿಂದಾ ಎಂದೆ, ಏಳುವಷ್ಟರಲ್ಲಿ ಅಲೆ ಬಂದು ಬೆನ್ನಿಗೆ ಗುದ್ದಿ ಬೀಳಿಸಿತು, ಬಾಯಲ್ಲೆಲ್ಲ ಮರಳು, ಎದ್ದು ಮೊದಲು ಸೊಂಟ ಮುಟ್ಟಿ ನೋಡಿಕೊಂಡೆ, ಮುಡುಪು ಇತ್ತು, ದೇವರೇ ಇತ್ತು, ಮೂರು ಕಾಸಿನ ಬುದ್ಧಿ ಇದ್ದಿದ್ದರೆ ಅಷ್ಟಕ್ಕೇ ದಡಕ್ಕೆ ಬರುತ್ತಿದ್ದೆ. ಆದರೆ ಒದ್ದೆಯಾಗಿ ಅದು ಮೆತ್ತಗಾಗಿತ್ತು, ಹಿಸುಕಿದರೆ ಬಿಲ್ಲೆ ಕೈಗೆ ಸಿಕ್ಕ ಹಾಗೂ ಇತ್ತು, ಸಿಗದ ಹಾಗೂ ಇತ್ತು, ಒಳಗೆ ಇದೆಯೋ ಜಾರಿಹೋಯಿತೋ, ಖಾಲಿ ಬಟ್ಟೆಯನ್ನು ಹುಂಡಿಗೆ ಹಾಕಿದರೆ ಅಮರನ ಗತಿಯೇನು, ಬಿಚ್ಚಬೇಡ ಎಂದು ಅನಿತ ಹೇಳಿದ್ದು ಕಿವಿಯಲ್ಲಿ ಇರುವಾಗಲೇ ಹಲ್ಲಿನಿಂದ ಗಂಟು ಕಚ್ಚಿ ಬಿಚ್ಚಿದೆ. ಇತ್ತು. ಬಿಲ್ಲೆ ಇತ್ತು, ಅರಿಶಿನ ಮೆತ್ತಿಕೊಂಡು ನನ್ನನ್ನೇ ನೋಡುತ್ತಾ ಇತ್ತು, ಅಬ್ಬಾ ಎಂದು ಉಸಿರು ಬಿಡುವಷ್ಟರಲ್ಲಿ ಮೊಣಕಾಲಿಗೆ ಇನ್ನೊಂದು ಅಲೆ, ಕೈ ಅಲುಗಿತು, ಅಷ್ಟೇ, ಸದ್ದೂ ಆಗಲಿಲ್ಲ. ಅಲ್ಲಿಂದ ಹೀಗೇ ಕುಕ್ಕರಗಾಲಲ್ಲಿ ಮರಳು ಕೆದಕುತ್ತಿದ್ದೇನೆ, ಮೀನಿನ ಬುಟ್ಟಿ ಹೊತ್ತ ಒಬ್ಬ ಹೆಂಗಸು ನಿಂತು ಏಂ ಪೋಯಿಂದಮ್ಮಾ, ಉಂಗರಮಾ ಎಂದಳು, ಏನು ಕಳೆಯಿತು, ಉಂಗುರವೇ ಎಂದು, ಅವಳಿಗೆ ಏನೆಂದು ಹೇಳಲಿ, ಏಂ ಲೇದಮ್ಮಾ ಎಂದೆ, ಏನೂ ಇಲ್ಲ. ಬೇರೆ ಬಿಲ್ಲೆ ಇಡಬಹುದಂತೆ. ಭೀಮರಾಜನ ಕಾರಿಗೆ ಗೀರು ಬಿದ್ದರೆ ಬಣ್ಣ ಹೊಡೆಸಬಹುದು, ಇದಕ್ಕೆ ಏನು ಹೊಡೆಸುವುದು, ಅವನ ಕುತ್ತಿಗೆಯನ್ನು ಮುಟ್ಟಿದ ಬಿಲ್ಲೆ ಅದೊಂದೇ.

ಶೋಭಾ, ಅನಿತ ಫೋನ್ ಮಾಡ್ತಾವ್ಳೆ — ಇವರ ಕೈಯಲ್ಲಿ ನನ್ನ ಫೋನು ಬಡಿದುಕೊಳ್ಳುತ್ತಿದೆ, ಎತ್ತಬೇಡಿ, ಇಲ್ಲ ಎತ್ತಿ, ಇಲ್ಲಿ ಕೊಡಿ, ಒದ್ದೆ ಕೈ, ಕಿವಿಗೆ ಹಿಡಿದರೆ ಬರೀ ಅಳು, ಅನಿತ ಅಳುತ್ತಿದ್ದಾಳೆ, ಮುಗಿಯಿತು, ನಾನೇ ಕೊಂದೆ, ಏಡಿ ತಿಂದ ಬಾಯಲ್ಲಿ ಸುಳ್ಳು ಹೇಳಿ ಕೊಂದೆ, ಅನಿತಾ, ಏನಾಯ್ತೇ, ಹೇಳೇ. ಅಕ್ಕಾ ಏನೂ ಇಲ್ವಂತೆ, ಬರೀ ಕೊಬ್ಬಿನ ಗಡ್ಡೆಯಂತೆ, ಔಷಧಿನೂ ಬೇಡ್ವಂತೆ ಅಕ್ಕಾ, ನೀನು ನಿನ್ನೆ ಹಾಕ್ದೆ, ಇವತ್ತು ನೋಡು, ನಿನ್ನ ಕೈ ಗುಣ, ನಿನ್ನ ಕೈಯಿಂದ ಬಿತ್ತಲ್ಲ ಅದಕ್ಕೇ, ನೀನು ಬಂದ್ಮೇಲೆ ಆ ಕೈನ ಕಣ್ಣಿಗೆ ಒತ್ಕೋತೀನಿ ಅಕ್ಕಾ. ಮರಳ ಮೇಲೆ ಕೂತುಬಿಟ್ಟೆ, ಬದುಕಿದ, ಹುಡುಗ ಬದುಕಿದ, ನಗು ಬಂತು, ನಿಜವಾದ ಸಂತೋಷ, ಅದರಲ್ಲಿ ಸುಳ್ಳಿಲ್ಲ, ಕಣ್ಣಲ್ಲಿ ನೀರು, ಈಗ ಹೇಳು ಶೋಭಾ, ಈಗ ಹೇಳಿಬಿಡು, ಈಗ ಯಾರಿಗೂ ಏನೂ ಆಗುವುದಿಲ್ಲ, ಅನಿತಾ, ನಾನು, ಅಷ್ಟರಲ್ಲಿ ಫೋನು ಅಮರನ ಕೈಗೆ ಹೋಯಿತು, ಅತ್ತಿಗೇ, ನನ್ನ ಲಡ್ಡು ಜೋಪಾನ, ಹಲೋ, ಕೇಳಿಸ್ತಾ, ಅದೇನ್ ಅತ್ತಿಗೆ ಅಷ್ಟು ಸದ್ದು ಅಲ್ಲಿ. ಅಲೆ ಬರುತ್ತದೆ, ಒಡೆಯುತ್ತದೆ, ಮತ್ತೆ ಬರುತ್ತದೆ. ಗಾಳಿ ಕಣೋ. ಬೆಟ್ಟದ ಮೇಲೆ ಗಾಳಿ ಜೋರು. ಹೌದಾ, ಸೆರಗು ಹೊದ್ಕೊಳ್ಳಿ ಅತ್ತಿಗೆ, ಶೀತ ಆಗ್ತದೆ, ಎಂದು ಫೋನಿಟ್ಟ. ಇವರು ಪಕ್ಕದಲ್ಲಿ ಕೂತು ನನ್ನ ಬೆನ್ನು ಸವರುತ್ತಿದ್ದಾರೆ, ನೋಡ್ದೇನೇ, ಎಲ್ಲ ಒಳ್ಳೇದೇ ಆಯ್ತು, ಸುಮ್ನೆ ಹೆದ್ರಿಕೊಂಡೆ, ಇನ್ನೇನು ಆರಾಮಾಗಿ ಮೈಪಾಡು ಬೀಚೂ ನೋಡ್ಕೊಂಡು, ನಾಳೆ ಬೆಟ್ಟ, ಒಂದು ಬಿಲ್ಲೆ ಇಟ್ಟು ಕಟ್ಟಿದ್ರಾಯ್ತು ಬಿಡು, ಮೈಪಾಡು ಅಂದಾಗ ಒಂದು ಗಳಿಗೆ ನನ್ನ ಎದೆ ಆಸೆಗೆ ಹಾರಿತು, ಅಯ್ಯೋ ನನ್ನ ಜನ್ಮವೇ, ಹಾರಿತು. ಇಲ್ಲ, ಬೆಟ್ಟಕ್ಕೇ ಹೋಗುತ್ತೇನೆ, ಹೋಗಿ ಏನು ಹಾಕಲಿ, ಆ ವೆಂಕಟರಮಣ ತನ್ನ ಮಾತು ನಡೆಸಿಕೊಟ್ಟಾಯಿತು, ಮನೆಗೆ ಹೋದರೆ ಬಾಗಿಲಲ್ಲೇ ಅನಿತ ನಿಂತಿರುತ್ತಾಳೆ, ಕೈ ಕೊಡು ಅಕ್ಕಾ ಎನ್ನುತ್ತಾಳೆ, ಈ ಕೈ, ಬೆರಳು ಬಿಚ್ಚಿ ನೋಡುತ್ತೇನೆ, ಒದ್ದೆ ಬಟ್ಟೆ, ಮಾಸಿದ ಹಳದಿ, ನಡುವೆ ದುಂಡಗೆ, ಗಾಢವಾಗಿ, ಬಿಲ್ಲೆ ಕೂತಿದ್ದ ಜಾಗ, ಬಟ್ಟೆ ಸರಿಸಿದರೆ ಅಂಗೈಯ ಮೇಲೂ ಅದೇ, ದುಂಡಗೆ, ಹಳದಿ —